ಬಾಳೆಯೋ ಪಪ್ಪಾಯಿಯೋ: ತಟ್ಟೆ ನೋಡಿ ಲೆಕ್ಕ ಹಾಕಿ

ಈಗಿನ ಹುಡುಗ ಹುಡುಗಿಯರು ಹಣ್ಣು ಬಾಯಿಗೆ ಹಾಕುವ ಮೊದಲು ಮೊಬೈಲ್ ನೋಡುತ್ತಾರೆ. 100 ಗ್ರಾಂ ಬಾಳೆಹಣ್ಣಿಗೆ 89 ಕ್ಯಾಲರಿ, 100 ಗ್ರಾಂ ಪಪ್ಪಾಯಿಗೆ 43. ಇಷ್ಟು ಓದಿದ್ದೇ ತಡ, ‘ಬಾಳೆಹಣ್ಣು ತಿಂದರೆ ದಪ್ಪ ಆಗ್ತೇವೆ’ ಅಂತ ತೋಟದ ಪುಟ್ಟಬಾಳೆ ಗೊನೆಯನ್ನು ದನಕ್ಕೆ ಹಾಕಿ, ಶಿವಮೊಗ್ಗ ಪೇಟೆಯಿಂದ ಪಪ್ಪಾಯಿ ಹೊತ್ತು ತರುತ್ತಾರೆ. ಅಲ್ಲ ಮಾರಾಯ್ರೇ, ತಕ್ಕಡಿ ಇಟ್ಟುಕೊಂಡು ಹಣ್ಣು ತಿನ್ನುವವರು ಯಾರಿದ್ದಾರೆ? ತಟ್ಟೆಗೆ ಎಷ್ಟು ಬೀಳುತ್ತದೋ ಅದನ್ನು ನೋಡಬೇಕು.

ಊಟದ ನಂತರ ಒಬ್ಬರು ತಿನ್ನುವುದು ಎರಡು ಪುಟ್ಟಬಾಳೆ. ಸಿಪ್ಪೆ ಹೋದರೆ 90 ಗ್ರಾಂ ಆಸುಪಾಸು. ಪಪ್ಪಾಯಿಯಾದರೆ ಒಂದು ಬಟ್ಟಲು ತುಂಬ, ಅಂದರೆ 150 ಗ್ರಾಂ. ಈಗ ಲೆಕ್ಕ ಹಾಕಿ. ಬಾಳೆಯಿಂದ ಸುಮಾರು 80 ಕ್ಯಾಲರಿ, ಪಪ್ಪಾಯಿಯಿಂದ 65. ಸಕ್ಕರೆ ಎರಡರಲ್ಲೂ 11-12 ಗ್ರಾಂ. ನಾರು ಎರಡೂವರೆ ಗ್ರಾಂ ಹತ್ತಿರ, ಅದೂ ಎರಡರಲ್ಲೂ. ಪೊಟ್ಯಾಸಿಯಂ ಬಾಳೆಯಲ್ಲಿ 320 ಮಿಲಿಗ್ರಾಂ, ಪಪ್ಪಾಯಿಯಲ್ಲಿ 270. ಪುಟ್ಟಬಾಳೆಯ ಸಿಹಿ ಪಚ್ಚಬಾಳೆಗಿಂತ ಒಂದು ಕೈ ಮೇಲೆಯೇ, ಅದನ್ನೂ ಸೇರಿಸಿಕೊಳ್ಳಿ. ಆದರೂ ದಪ್ಪ ಆಗುವ ಮಾತು ಇಲ್ಲಿ ಎಲ್ಲಿಂದ ಬಂತು? ಸಂಜೆ ಕಾಫಿ ಜೊತೆ ತಿನ್ನುವ ಬೇಕರಿ ತಿಂಡಿಯ ಲೆಕ್ಕ ಯಾರೂ ಹಾಕುವುದಿಲ್ಲ.

ನಿಜವಾದ ವ್ಯತ್ಯಾಸ ಇರುವುದು ಸಿ ಜೀವಸತ್ವದಲ್ಲಿ. ಆ ಒಂದು ಬಟ್ಟಲು ಪಪ್ಪಾಯಿಯಲ್ಲಿ ಸುಮಾರು 90 ಮಿಲಿಗ್ರಾಂ ಇದ್ದರೆ ಎರಡು ಬಾಳೆಹಣ್ಣಿನಲ್ಲಿ 8 ಮಾತ್ರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೇಳುವಂತೆ ಹೆಂಗಸರಿಗೆ ದಿನಕ್ಕೆ 65, ಗಂಡಸರಿಗೆ 80 ಮಿಲಿಗ್ರಾಂ ಬೇಕು. ಒಂದೇ ಬಟ್ಟಲಿಗೆ ಇಡೀ ದಿನದ್ದು ಮುಗಿಯಿತು. ಕಣ್ಣಿಗೆ ಬೇಕಾದ ಎ ಜೀವಸತ್ವವಾಗಿ ಮೈಯಲ್ಲಿ ಬದಲಾಗುವ ಕ್ಯಾರೋಟಿನ್ ಕೂಡ ಪಪ್ಪಾಯಿಯಲ್ಲಿದೆ, ಬಾಳೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಾಳೆಗೆ ಬೇರೆ ಬಲ ಇದೆ. ಬಿ6 ಜೀವಸತ್ವ ಪಪ್ಪಾಯಿಗಿಂತ ಐದಾರು ಪಟ್ಟು ಹೆಚ್ಚು, ಮತ್ತು ಪಪ್ಪಾಯಿಯಷ್ಟು ನೀರಿಲ್ಲದ ಹಣ್ಣು ಆದ್ದರಿಂದ ತೋಟಕ್ಕೆ ಇಳಿಯುವವರ ಹೊಟ್ಟೆಗೆ ಆಧಾರ. ಒಂದನ್ನು ತಂದು ಇನ್ನೊಂದನ್ನು ಬಿಡುವುದು ಬೇಡ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಾಳೆ, ಮಧ್ಯಾಹ್ನ ಊಟ ಆದ ಮೇಲೆ ಪಪ್ಪಾಯಿ.

ಆದರೆ ಈ ಲೆಕ್ಕವೆಲ್ಲ ಸರಿಯಾಗಿ ಹಣ್ಣಾದ ಹಣ್ಣಿಗೆ. ಹಣ್ಣು ಮಾಡುವುದರಲ್ಲೇ ಎಲ್ಲರೂ ಎಡವುತ್ತಾರೆ, ಅದೂ ಪಪ್ಪಾಯಿಯಲ್ಲಿ. ಬಾಳೆಕಾಯಿಯ ಒಳಗೆ ಹಿಟ್ಟು ತುಂಬಿರುತ್ತದೆ. ಗೊನೆ ಕಡಿದ ಮೇಲೂ ಆ ಹಿಟ್ಟು ಸಕ್ಕರೆ ಆಗುತ್ತಾ ಹೋಗುತ್ತದೆ. ಹಾಗಾಗಿ ಬಲಿತ ಗೊನೆಯನ್ನು ಹಸಿರಿದ್ದಾಗಲೇ ಕಡಿದರೂ ಸಿಹಿ ಬರುತ್ತದೆ. ಪಪ್ಪಾಯಿಯಲ್ಲಿ ಆ ಹಿಟ್ಟು ಇಲ್ಲ. ಮರದಲ್ಲಿ ಎಷ್ಟು ಸಿಹಿ ಕೂಡಿತೋ ಅಷ್ಟೇ. ಕೊಯ್ದ ಮೇಲೆ ಮೆತ್ತಗಾಗುತ್ತದೆ, ಬಣ್ಣ ತಿರುಗುತ್ತದೆ, ಸಿಹಿ ಏರುವುದಿಲ್ಲ. ಮಂಗ ತಿಂದೀತು ಅಂತ ಹಸಿರುಗಾಯಿಯನ್ನು ಕಿತ್ತು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟು, ಆಮೇಲೆ ‘ಈ ಜಾತಿಯೇ ಸಪ್ಪೆ’ ಅಂತ ಮರದ ಮೇಲೆ ತಪ್ಪು ಹೊರಿಸುವವರನ್ನು ನೋಡಿ ನೋಡಿ ಸಾಕಾಗಿದೆ. ಮಂಗನ ಕಾಟ ನಮ್ಮ ಕಡೆ ಎಲ್ಲರಿಗೂ ಇದ್ದದ್ದೇ. ಕಾಯಿಗೆ ಗೋಣಿಯನ್ನೋ ಹಳೇ ಸೀರೆಯನ್ನೋ ಸುತ್ತಿ ಕಟ್ಟಿ, ಬುಡದ ಕಡೆ ಹಳದಿ ಗೀಟು ಮೂಡುವ ತನಕ ಕಾಯಿರಿ. ಒಂದು ಗೀಟಾದರೂ ಬಂದಿರಬೇಕು. ಉಗುರಿನಲ್ಲಿ ಚುಚ್ಚಿದರೆ ಹಾಲು ದಪ್ಪಗೆ ಬೆಳ್ಳಗೆ ಬಂದರೆ ಇನ್ನೂ ಬಿಡಿ, ನೀರು ನೀರಾಗಿ ಬಂದರೆ ಕೊಯ್ಯಿರಿ. ಮಳೆಗಾಲದ ಹಣ್ಣಿಗೆ ಬಿಸಿಲಿಲ್ಲದೆ ಸಿಹಿ ಕಮ್ಮಿ. ಅದಕ್ಕೆ ಏನು ಮಾಡಿದರೂ ಅಷ್ಟೇ, ಹುಳಿಪುಡಿ ಹಾಕಿ ಪಲ್ಯ ಮಾಡಿ.

ಕೊಯ್ದ ಮೇಲೆ ಗೀರುವ ಕೆಲಸ. ಇದನ್ನು ಯಾರೂ ಮಾಡುವುದಿಲ್ಲ ಈಗ, ಮಾಡಿದವರ ಮನೆ ಪಪ್ಪಾಯಿಯಲ್ಲಿ ಮಾತ್ರ ಸಿಪ್ಪೆ ಪಕ್ಕದ ಕಹಿ ಇರುವುದಿಲ್ಲ. ಬೆಳಿಗ್ಗೆಯೇ ಕೊಯ್ಯಬೇಕು, ಆಗ ಹಾಲು ಚೆನ್ನಾಗಿ ಇಳಿಯುತ್ತದೆ. ತೊಟ್ಟು ಒಂದು ಅಂಗುಲ ಬಿಟ್ಟು ಕತ್ತರಿಸಿ, ತಿರುಚಿ ಕಿತ್ತರೆ ಅಲ್ಲಿಂದಲೇ ಕೊಳೆಯುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ, ಆ ಹಾಲು ತಾಗಿದ ಕಡೆ ತುರಿಕೆ, ಕಣ್ಣಿಗೆ ಬಿದ್ದರಂತೂ ಉರಿ. ಸ್ಟೀಲು ಚಾಕುವಿನ ತುದಿ ಹಿಡಿದು ತೊಟ್ಟಿನಿಂದ ಬುಡಕ್ಕೆ ಉದ್ದಕ್ಕೆ ಗೀರಿ. ಎರಡು ಬೆರಳಿಗೊಂದು ಗೀರು, ಸಾಧಾರಣ ಹಣ್ಣಿಗೆ ಐದಾರು ಸಾಕು. ಆಳ ಎಷ್ಟು ಅಂದರೆ ಹಸಿರು ತೊಗಲು ಬಿರಿಯಬೇಕು, ಕೆಳಗಿನ ತಿರುಳು ಕಾಣಬಾರದು. ಕೈ ಒತ್ತಬೇಡಿ, ಚಾಕುವಿನ ಭಾರವೇ ಸಾಕು. ಗೀರಿದ ಕೂಡಲೇ ಗೆರೆಯ ಮೇಲೆ ಸಣ್ಣ ಸಣ್ಣ ಹನಿ ಸಾಲಾಗಿ ಏಳುತ್ತವೆ, ಒಂದಕ್ಕೊಂದು ಸೇರಿ ಕೆಳಗೆ ಇಳಿಯುತ್ತವೆ. ಹಣ್ಣನ್ನು ತೊಟ್ಟು ಕೆಳಗಾಗಿ ಓರೆಯಾಗಿ ಬಾಳೆಪಟ್ಟೆಯ ಮೇಲೆ ಇಡಿ, ಹಾಲು ಅದರಲ್ಲೇ ಹರಿದುಹೋಗಲಿ. ಸಿಮೆಂಟು ನೆಲದ ಮೇಲೆ ಇಟ್ಟು ಕಲೆ ಮಾಡಿಕೊಳ್ಳಬೇಡಿ.

ತೊಳೆಯಬೇಡಿ! ಎಲ್ಲರೂ ಅಲ್ಲೇ ಕೆಡಿಸುವುದು. ಗೀರಿನ ಒಳಗೆ ನೀರು ಕೂತರೆ ಮರುದಿನಕ್ಕೆ ಬೂಷ್ಟು. ಹಾಲು ಒಣಗಿ ಗಟ್ಟಿಯಾಗಲಿ, ಮಧ್ಯಾಹ್ನದ ಹೊತ್ತಿಗೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಗೆರೆಯ ಉದ್ದಕ್ಕೇ ಒರೆಸಿ ತೆಗೆಯಿರಿ, ಅಡ್ಡ ಉಜ್ಜಬೇಡಿ. ಸಂಜೆ ಪೂರ್ತಿ ಆರಿದ ಮೇಲೆ ಒಂದೊಂದನ್ನೂ ಬೇರೆ ಬೇರೆ ಪೇಪರಿನಲ್ಲಿ ಸುತ್ತಿ, ಭತ್ತದ ಹುಲ್ಲಿನ ಮೇಲೆ ಮಗ್ಗುಲಾಗಿ ಮಲಗಿಸಿ. ದಿನಕ್ಕೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಅಡಿಯಾದ ಕಡೆ ನೀರೊಡೆಯುತ್ತದೆ. ಮೂರನೇ ದಿನ ತೊಟ್ಟಿನ ಹತ್ತಿರ ಹೆಬ್ಬೆರಳು ಒತ್ತಿ ನೋಡಿ, ಸ್ವಲ್ಪ ತಗ್ಗಿದರೆ ತಯಾರು. ಗೀರು ಆಳವಾಗಿದ್ದರೆ ಗೆರೆ ಕಪ್ಪಾಗಿ ನೊಣ ಮುತ್ತುತ್ತದೆ. ಅಂಥದ್ದನ್ನು ಮೊದಲು ಖರ್ಚು ಮಾಡಿ. ಹಣ್ಣಾಗುವ ಮೊದಲೇ ಫ್ರಿಜ್ಜಿಗೆ ಹಾಕಿದರೆ ಥಂಡಿ ಹೊಡೆದು ಮೈಯೆಲ್ಲ ಗುಳಿ ಬೀಳುತ್ತದೆ, ಒಳಗೆ ಗಟ್ಟಿ ಗಟ್ಟಿಯಾಗಿಯೇ ಉಳಿಯುತ್ತದೆ, ಆಮೇಲೆ ಹೊರಗಿಟ್ಟರೂ ಸರಿಯಾಗುವುದಿಲ್ಲ.

ಚಾಕು ಅಂದಾಗ ನೆನಪಾಯಿತು, ಮೆಟ್ಟುಗತ್ತಿಯಲ್ಲಿ ಪಪ್ಪಾಯಿಕಾಯಿ ಹೆಚ್ಚಿ ಹಾಗೇ ಎದ್ದು ಹೋಗುತ್ತೀರಲ್ಲ, ಆ ಹಾಲು ಕಬ್ಬಿಣವನ್ನು ಕರ್ರಗೆ ಮಾಡುತ್ತದೆ. ಕೂಡಲೇ ತೊಳೆದು, ಒರೆಸಿ, ಅಲಗಿಗೆ ಒಂದು ಬೆರಳು ಎಣ್ಣೆ ಸವರಿ ಇಡಬೇಕು. ನೀರು ಸೋರಲಿ ಅಂತ ಗೋಡೆಗೆ ಒರಗಿಸಿ ಇಟ್ಟರೆ ಮಲೆನಾಡಿನ ಆಷಾಢದಲ್ಲಿ ಎರಡೇ ದಿನಕ್ಕೆ ತುಕ್ಕು.

ಬಾಳೆಯದ್ದು ಇಷ್ಟು ರಗಳೆ ಇಲ್ಲ. ಕಾಯಿಯ ಏಣು ಮಾಯವಾಗಿ ದುಂಡಗಾದಾಗ ಗೊನೆ ಕಡಿಯಿರಿ, ತಲೆಕೆಳಗಾಗಿ ತೂಗುಹಾಕಿ ಸೊನೆ ಇಳಿಸಿ, ಚಿಪ್ಪು ಬಿಡಿಸಿ ಹುಲ್ಲಿನಲ್ಲಿ ಮುಚ್ಚಿ. ಹಿಂದೆ ಬಚ್ಚಲೊಲೆಯ ಹೊಗೆ ತಾಗುವ ಕಡೆ ಗೊನೆ ಇಡುತ್ತಿದ್ದರು. ಹೊಗೆಯಲ್ಲಿ ಹಣ್ಣು ಮಾಡುವ ಎಥಿಲೀನ್ ಅನಿಲ ಇರುತ್ತದೆ, ಸುಮ್ಮನೆ ಮಾಡಿದ್ದಲ್ಲ ಅದು. ಈಗ ಒಲೆ ಇಲ್ಲದಿದ್ದರೆ ಚೆನ್ನಾಗಿ ಹಣ್ಣಾದ ಎರಡು ಬಾಳೆಹಣ್ಣನ್ನು ಕಾಯಿಯ ಮಧ್ಯೆ ಇಟ್ಟು ಮುಚ್ಚಿ, ಅದೇ ಅನಿಲ ಬರುತ್ತದೆ. ಬೇಗ ಆಗಲಿ ಅಂತ ಕಾರ್ಬೈಡ್ ಮಾತ್ರ ತರಬೇಡಿ. ಅದರಲ್ಲಿ ಆರ್ಸೆನಿಕ್ ಅಂಶ ಸೇರಿರುತ್ತದೆ. ಹಣ್ಣಿಗೆ ಬಳಸುವುದನ್ನು 2011ರ ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ. ಸಿಪ್ಪೆ ಮೇಲೆ ಚುಕ್ಕೆ ಬಂದದ್ದನ್ನು ಕೊಳೆತಿದೆ ಅಂತ ಎಸೆಯುತ್ತೀರಲ್ಲ, ಅದೇ ಅತಿ ಸಿಹಿ. ಸಕ್ಕರೆ ಕಾಯಿಲೆ ಇದ್ದವರು ಆ ಚುಕ್ಕೆಯದ್ದನ್ನು ಬಿಟ್ಟು, ತುದಿಯಲ್ಲಿ ಇನ್ನೂ ಹಸಿರಿರುವ ಒಂದೇ ಒಂದನ್ನು ತಿನ್ನಲಿ.

ಪಪ್ಪಾಯಿಯನ್ನು ತಿನ್ನುವ ಹೊತ್ತಿಗೇ ಹೆಚ್ಚಿ. ಬೆಳಿಗ್ಗೆ ಹೆಚ್ಚಿಟ್ಟು ರಾತ್ರಿ ತಿಂದರೆ ಸಿ ಜೀವಸತ್ವ ಗಾಳಿಗೆ ಕರಗುತ್ತಾ ಹೋಗುತ್ತದೆ. ಬೀಜದ ಕೆಳಗಿನ ಬಿಳಿ ಪೊರೆಯನ್ನು ಚಮಚದಲ್ಲಿ ಕೆರೆದು ತೆಗೆಯಿರಿ, ಲಿಂಬೆರಸ ಹಿಂಡಿ, ಅಷ್ಟೇ. ಹಾಲು ಹಾಕಿ ಮಿಕ್ಸಿಗೆ ಹಾಕುವವರು ಕೂಡಲೇ ಕುಡಿಯಬೇಕು. ಪಪ್ಪಾಯಿಯಲ್ಲಿರುವ ಪಪೇನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಅರ್ಧ ಗಂಟೆಯಲ್ಲಿ ಕಹಿ ಮಾಡುತ್ತದೆ. ಹರಿವೆ ಸೊಪ್ಪಿನ ಸಾರು, ರಾಗಿ ರೊಟ್ಟಿ ಉಂಡ ದಿನ ಪಪ್ಪಾಯಿ ತಪ್ಪಿಸಬೇಡಿ, ಅದರ ಸಿ ಜೀವಸತ್ವ ಸೊಪ್ಪಿನ ಕಬ್ಬಿಣವನ್ನು ಮೈಗೆ ಹಿಡಿಸುತ್ತದೆ. ಊಟದಲ್ಲಿ ತುಪ್ಪವೋ ಕಾಯಿತುರಿಯೋ ಇದ್ದರೆ ಕ್ಯಾರೋಟಿನ್ ಕೂಡ ಚೆನ್ನಾಗಿ ಸೇರುತ್ತದೆ. ಆದರೆ ಉಂಡ ಕೈ ತೊಳೆದ ಕೂಡಲೇ ಚಹಾ ಕುಡಿದರೆ ಆ ಕಬ್ಬಿಣ ಸರಿಯಾಗಿ ಸೇರುವುದಿಲ್ಲ, ಒಂದು ಗಂಟೆಯಾದರೂ ತಡೆಯಿರಿ.

ಮೂತ್ರಪಿಂಡದ ತೊಂದರೆ ಇದ್ದು ಪೊಟ್ಯಾಸಿಯಂ ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದ್ದರೆ ಬಾಳೆ ಬೇಡ ಅಂತ ಪಪ್ಪಾಯಿಯನ್ನು ಬಟ್ಟಲುಗಟ್ಟಲೆ ತಿನ್ನಬೇಡಿ, ಮೇಲಿನ ಲೆಕ್ಕ ನೋಡಿದಿರಲ್ಲ. ರಬ್ಬರ್ ಕೈಗವಸು ಹಾಕಿದರೆ ಮೈ ದದ್ದರಿಸುವವರಿಗೆ ಬಾಳೆ, ಪಪ್ಪಾಯಿ ಎರಡೂ ಆಗದೇ ಇರಬಹುದು, ಬಾಯಿ ತುರಿಸಿದರೆ ನಿಲ್ಲಿಸಿ. ಬಸುರಿಯರು ಹಾಲು ಬರುವ ಕಾಯಿ, ಅರೆಗಾಯಿ ಮುಟ್ಟಲೇಬಾರದು. ಹಣ್ಣು ತಿನ್ನುವ ಆಸೆಯಾದರೆ ಮೊದಲು ಡಾಕ್ಟರನ್ನು ಕೇಳಿ, ಅಲ್ಲಿಯವರೆಗೆ ಪುಟ್ಟಬಾಳೆ ಇದೆಯಲ್ಲ.