ರೆಡ್ ಕ್ವೀನ್ ಉರಿ ಆರದಂತೆ ನೀರೋ ಆಡಿದ್ದು: ನನ್ನ ಅನುಭವ

ಡೆವಿಲ್ ಮೇ ಕ್ರೈ 5 ಅನ್ನೋ ಕಾಳಗದ ವಿಡಿಯೊ ಗೇಮ್‌ನಲ್ಲಿ ಸ್ಟೈಲ್ ಅಂದರೆ ಡಾಂಟೆ ಪಾತ್ರ, ನೀರೋ ಪಾತ್ರ ಏನಿದ್ದರೂ ಆಟ ಕಲಿಯೋವರೆಗೆ ಅಂತ ಬಹಳ ಜನ ಹೇಳುತ್ತಾರೆ. ನೀರೋನ ಕತ್ತಿ ರೆಡ್ ಕ್ವೀನ್ ಬೀಸುವ ಕ್ಷಣಕ್ಕೇ ಸರಿಯಾಗಿ ಬಟನ್ ಒತ್ತಿ ಅದನ್ನು ಪೂರ್ತಿ ಹೊತ್ತಿಸುವ ಮ್ಯಾಕ್ಸ್-ಆಕ್ಟ್ ಮಾತು ಬಂದರಂತೂ ಕೇಳೋದೇ ಬೇಡ (ಒತ್ತು ಸ್ವಲ್ಪ ಆಚೀಚೆಯಾದರೆ ಸಿಗೋದು ಎಕ್ಸ್-ಆಕ್ಟ್). "ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಎಕ್ಸ್-ಆಕ್ಟ್ ಸಿಕ್ಕರೆ ಸಾಕು ಬಿಡು" ಅನ್ನೋದು ನನ್ನ ಜೊತೆ ಆಡುವವರೆಲ್ಲರ ತೀರ್ಮಾನವಾಗಿತ್ತು. ಈಗ ಡಾಂಟೆ ಮಸ್ಟ್ ಡೈ ಅನ್ನೋ ಕಠಿಣ ಹಂತದಲ್ಲಿ ಒಂದು ಕಾಳಗ ಶುರುವಾದರೆ ಮುಗಿಯೋವರೆಗೂ ನನ್ನ ರೆಡ್ ಕ್ವೀನ್ ಉರಿ ಆರೋದು ಅಪರೂಪ. ನೆಲದ ಮೇಲೆ ಹತ್ತರಲ್ಲಿ ಏಳೋ ಎಂಟೋ ಸಲ ಮ್ಯಾಕ್ಸ್-ಆಕ್ಟ್ ಬೀಳುತ್ತದೆ. ಗಾಳಿಯಲ್ಲಿ ಸ್ವಲ್ಪ ಕಡಿಮೆ, ಐದಾರು ಇರಬಹುದು. ಅದೃಷ್ಟದಿಂದ ಇಷ್ಟು ಬೀಳೋದಿಲ್ಲ. ಆಗೋದೇ ಇಲ್ಲ ಅಂದವರೇ ಈಗ ಬಟನ್ ಜೋಡಣೆ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಎಕ್ಸೀಡ್ ಅಂದರೆ ಕತ್ತಿಯೊಳಗಿನ ಎಂಜಿನ್ ಹೊತ್ತಿಸಿ ಏಟಿಗೆ ಉರಿ ಕೊಡೋದು, ಉರಿ ಎಷ್ಟಿದೆ ಅಂತ ಮೂರು ಗೇಜ್ ತೋರಿಸುತ್ತವೆ. 2008ರ ನಾಲ್ಕನೇ ಆಟದಿಂದ ಇರುವ ಸಂಗತಿ ಅದು. ಕಷ್ಟ ಎಲ್ಲಿ ಅನ್ನೋದನ್ನು ಹೇಳುತ್ತೇನೆ. ಈ ಆಟ ಸೆಕೆಂಡಿಗೆ 60 ಫ್ರೇಮ್. ಅಂದರೆ ಒಂದು ಫ್ರೇಮ್‌ಗೆ ಸುಮಾರು 17 ಮಿಲಿಸೆಕೆಂಡ್. ಮ್ಯಾಕ್ಸ್-ಆಕ್ಟ್‌ಗೆ ಸಿಗೋದು ಅಂಥ ಒಂದೆರಡು ಫ್ರೇಮ್ ಮಾತ್ರ. ಕಣ್ಣಿಂದ ನೋಡಿ ಆಮೇಲೆ ಒತ್ತುತ್ತೇನೆ ಅಂದರೆ ಆಗುವ ಮಾತಲ್ಲ. ನೋಡೋಷ್ಟರಲ್ಲಿ ಕತ್ತಿ ಮುಂದೆ ಹೋಗಿರುತ್ತದೆ.

ಶುರುವಿನಲ್ಲಿ ದುಡ್ಡು ಸುರಿದೆ. ಬೆನ್ನಿಗೆ ಪ್ಯಾಡಲ್ ಇರುವ ಕಂಟ್ರೋಲರ್ ತಗೊಂಡೆ. ಅದೊಂದಕ್ಕೇ ಗೇಮ್ ಬೆಲೆಯ ಎರಡು ಪಟ್ಟಿಗಿಂತ ಜಾಸ್ತಿ ಹೋಯಿತು. ಎಕ್ಸೀಡನ್ನು ಪ್ಯಾಡಲ್‌ಗೆ ಹಾಕಿದರೆ ಅದನ್ನು ಒತ್ತಬೇಕಾದದ್ದು ಉಂಗುರದ ಬೆರಳು. ಆ ಬೆರಳಿಗೆ ಅಷ್ಟು ಚುರುಕಿಲ್ಲ. ಒತ್ತಿದ ಹಾಗೆ ಅನಿಸುತ್ತದೆ, ಕತ್ತಿ ಮಾತ್ರ ತಣ್ಣಗೇ ಇರುತ್ತದೆ. ಆಮೇಲೆ ಟ್ರಿಗರ್ (ತೋರುಬೆರಳಿನಿಂದ ಒಳಗೆ ಎಳೆಯುವ ಬಟನ್) ಅರ್ಧಕ್ಕೇ ನಿಲ್ಲುವ ಇನ್ನೊಂದು ಕಂಟ್ರೋಲರ್ ಬಂತು. ಅದರಿಂದ ಸ್ವಲ್ಪ ಉಪಯೋಗವಾಯಿತು, ಆದರೆ ಕೆಲವೇ ತಿಂಗಳಲ್ಲಿ ಸ್ಪ್ರಿಂಗ್ ಸಡಿಲವಾಯಿತು. ಒಟ್ಟು ಖರ್ಚಿನಲ್ಲಿ ಒಂದು ಒಳ್ಳೆ ಮಾನಿಟರ್ ಬರುತ್ತಿತ್ತು. ನಿಜವಾಗಿ ಬೇಕಿದ್ದದ್ದೂ ಅದೇ. ಒತ್ತಿದ್ದು ತೆರೆ ಮೇಲೆ ತಡವಾಗಿ ಕಾಣೋದನ್ನು ಕಡಿಮೆ ಮಾಡುವ ಗೇಮ್ ಮೋಡನ್ನು ನನ್ನ ಟಿವಿಯಲ್ಲಿ ಹಾಕಿದ ದಿನವೇ ನನಗೆ ವ್ಯತ್ಯಾಸ ಗೊತ್ತಾಯಿತು.

ಕೊನೆಗೆ ಕೆಲಸ ಮಾಡಿದ್ದು ಪುಕ್ಕಟೆ ಉಪಾಯ. ಎಕ್ಸೀಡ್ ಮೊದಲಿಂದ ಇರೋದು ಟ್ರಿಗರ್‌ನಲ್ಲಿ. ಟ್ರಿಗರ್ ಒಳಗೆ ಹೋಗಬೇಕಾದ ದೂರ ಜಾಸ್ತಿ, ಎಲ್ಲಿ ತಾಗುತ್ತದೆ ಅಂತ ಬೆರಳಿಗೆ ಖಚಿತವಾಗಿ ತಿಳಿಯೋದಿಲ್ಲ. ಅದರ ಮೇಲಿರುವ ಚಿಕ್ಕ ಬಟನ್ ಬಂಪರ್ ಹಾಗಲ್ಲ, ಟಕ್ ಅಂದರೆ ಮುಗಿಯಿತು. ಎಕ್ಸೀಡನ್ನು ಎಡ ಬಂಪರ್‌ಗೆ ತಂದೆ. ಖಾಲಿಯಾದ ಟ್ರಿಗರ್‌ಗೆ ನೀರೋನ ಗನ್ ಬ್ಲೂ ರೋಸ್ ಹಾಕಿದೆ. ಗನ್ ಬಟನ್ ಹಿಡಿದುಕೊಂಡೇ ಇರಬೇಕಾದದ್ದು, ಕಲರ್ ಅಪ್ (ಗುಂಡಿಗೆ ಬಲ ತುಂಬಿಡೋದು) ಚಾರ್ಜ್ ಮಾಡೋಕೆ. ಹಿಡಿಯೋ ಕೆಲಸಕ್ಕೆ ಟ್ರಿಗರ್ ಎಷ್ಟು ಉದ್ದ ಇದ್ದರೇನು? ಹೆಬ್ಬೆರಳಿಗೂ ಬಿಡುವಾಯಿತು, ಕತ್ತಿ ಮತ್ತು ಜಂಪ್ ಎರಡನ್ನೇ ನೋಡಿಕೊಂಡರೆ ಸಾಕು. ಮೊದಲು ಗನ್ ಚಾರ್ಜ್ ಮಾಡುತ್ತಾ ಕತ್ತಿ ಬೀಸಬೇಕಾದರೆ ಬೆರಳನ್ನು ಕೊಕ್ಕೆ ಹಾಗೆ ಮಡಚಿ ಹಿಡಿಯಬೇಕಿತ್ತು, ಅರ್ಧ ಗಂಟೆಗೇ ಮಣಿಕಟ್ಟು ನೋಯುತ್ತಿತ್ತು. ಈಗ ಒಂದರ ಹಿಂದೊಂದು ಕಾಳಗ ಬರುವ ಬ್ಲಡಿ ಪ್ಯಾಲೇಸ್‌ನ 101 ಮಹಡಿಯನ್ನೂ ಒಂದೇ ಕೂರಿಕೆಯಲ್ಲಿ ಮುಗಿಸಬಹುದು, ಮುಗಿಸಿದ್ದೇನೆ.

ಬಟನ್ ಸರಿಹೋದರೂ ಟೈಮಿಂಗ್ ಸುಲಭಕ್ಕೆ ಬರಲಿಲ್ಲ. ಆಟದ ಅಭ್ಯಾಸದ ಜಾಗವಾದ ವಾಯ್ಡ್‌ಗೆ ಹೋಗಿ ಖಾಲಿ ಗಾಳಿಗೆ ಕತ್ತಿ ಬೀಸುತ್ತಾ ತಾಳ ಹಿಡಿದೆ. ನಾಲ್ಕು ಏಟು, ನಾಲ್ಕು ಒತ್ತು, ಚೆನ್ನಾಗಿ ಕೂತಿತು. ಎದುರಿಗೆ ಹೆಲ್ ಕೈನಾ ಅನ್ನೋ ಶತ್ರುವನ್ನು ನಿಲ್ಲಿಸಿದ ಕೂಡಲೇ ಎಲ್ಲ ತಪ್ಪಿತು. ಏಟು ಶತ್ರುವಿಗೆ ತಾಗಿದಾಗ ಆಟ ಕ್ಷಣಮಾತ್ರ ತಡೆಯುತ್ತದಲ್ವಾ, ಆ ಹಿಟ್-ಸ್ಟಾಪ್ ಮುಂದಿನ ಏಟನ್ನು ಆಚೆ ತಳ್ಳುತ್ತದೆ. ಖಾಲಿ ಗಾಳಿಯಲ್ಲಿ ಕಲಿತ ತಾಳ, ಏಟು ಮೈಮೇಲೆ ಬಿದ್ದಾಗ ಉಪಯೋಗಕ್ಕೆ ಬರೋದಿಲ್ಲ. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ ಅನ್ನೋದು ನನ್ನ ಅನಿಸಿಕೆ. ಹಾಗಾಗಿ ಕಾಂಬೋವನ್ನು ಒಂದು ತಾಳವಾಗಿ ಕಲಿಯಬೇಡಿ. ಒಂದೊಂದು ಬೀಸಿಗೂ ಅದರದೇ ಆರಂಭ ಇದೆ. ಭುಜ ತಿರುಗಿ ಕತ್ತಿ ಹೊರಡುವ ಕ್ಷಣ, ಅಲ್ಲಿಗೆ ಬಂಪರ್. ಹಿಂದಿನ ಏಟು ಯಾರಿಗೆ ತಾಗಿತು, ಎಷ್ಟು ಜನಕ್ಕೆ ತಾಗಿತು ಅನ್ನೋದು ಆಗ ಲೆಕ್ಕಕ್ಕೇ ಬರೋದಿಲ್ಲ. ಶಫಲ್ ಅನ್ನೋ ಮೂವ್ ಬೇರೆ ಥರ: ನೀರೋ ಮೊದಲು ಹಿಂದೆ ಸರಿಯುತ್ತಾನೆ, ಅಲ್ಲಿ ಒತ್ತಿದರೆ ವ್ಯರ್ಥ. ಮತ್ತೆ ಮುಂದಕ್ಕೆ ನುಗ್ಗುವಾಗ ಒತ್ತಬೇಕು.

ಆ ಕ್ಷಣವನ್ನು ಹಿಡಿಯೋದು ಕಿವಿಯಿಂದ. ಸೆಟ್ಟಿಂಗ್ಸ್‌ನಲ್ಲಿ ಹಾಡಿನ ಸದ್ದನ್ನು ಪೂರ್ತಿ ಇಳಿಸಿ, ಪರಿಣಾಮಗಳ ಸದ್ದನ್ನು ಏರಿಸಿ ಆಡಿ. ಎಂಜಿನ್ ಹೊತ್ತಿಕೊಂಡ ಸದ್ದು ಎಕ್ಸ್-ಆಕ್ಟ್‌ಗೆ ಒಂದು ಥರ, ಮ್ಯಾಕ್ಸ್-ಆಕ್ಟ್‌ಗೆ ಇನ್ನೊಂದು ಥರ ಕೇಳುತ್ತದೆ. ಬೇಗ ಒತ್ತಿದೆನೋ ತಡವಾಯಿತೋ ಅಂತ ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ. ನನಗೆ ಸುಮಾರು ಎರಡು ಮೂರು ವಾರ, ದಿನಕ್ಕೆ ಅರ್ಧ ಗಂಟೆ ಹಿಡಿಯಿತು.

ಹಾಡನ್ನು ವಾಪಸ್ ಹಾಕಿದಾಗ ಇನ್ನೊಂದು ತೊಂದರೆ. ಈ ಆಟದಲ್ಲಿ ಸ್ಟೈಲಿಗೆ ಅಕ್ಷರದಲ್ಲಿ ಸಿಗುವ ರ‍್ಯಾಂಕ್ ಏರಿದ ಹಾಗೆ ಹಾಡೂ ಏರುತ್ತದೆ, ಎಸ್ ಮುಟ್ಟಿದರೆ ಪಲ್ಲವಿ ಅಬ್ಬರಿಸುತ್ತದೆ. ಬಿ, ಎ ತನಕ ಸರಿಯಾಗಿ ಬೀಳುತ್ತಿದ್ದ ಮ್ಯಾಕ್ಸ್-ಆಕ್ಟ್ ಎಸ್ ಬಂದ ಕೂಡಲೇ ಕೈಕೊಡುತ್ತಿತ್ತು. ಕೈ ನಡುಗುತ್ತಿದೆ ಅಂತ ಗೆಳೆಯರು ಹೇಳಿದರು. ಕೈ ಚೆನ್ನಾಗಿಯೇ ಇತ್ತು, ಎಂಜಿನ್ ಸದ್ದು ಹಾಡಿನಲ್ಲಿ ಮುಳುಗಿಹೋಗುತ್ತಿತ್ತು. ಹಾಡನ್ನು ಒಂದೊಂದೇ ಹೆಜ್ಜೆ ಏರಿಸುತ್ತಾ ಹೋದೆ. ಪೂರ್ತಿ ಸದ್ದಿಗೆ ಬರೋ ಹೊತ್ತಿಗೆ ಬೆರಳಿಗೇ ಅಭ್ಯಾಸವಾಗಿತ್ತು, ಕಿವಿ ಬೇಕಾಗಲಿಲ್ಲ. ನೇರವಾಗಿ ಪೂರ್ತಿ ಸದ್ದಿಗೆ ಹಾರಿದರೆ ಕಲಿತದ್ದೆಲ್ಲ ಹೋಗುತ್ತದೆ.

ಎಲ್ಲ ಮೂವ್‌ಗಳನ್ನೂ ಒಟ್ಟಿಗೆ ಹಿಡಿಯೋಕೆ ಹೋಗಬೇಡಿ. ನಾನು ಮೂರೇ ಹಿಡಿದೆ: ಕಾಂಬೋ ಎ ಮೊದಲ ಏಟು, ಶತ್ರುವನ್ನು ಮೇಲಕ್ಕೆ ಎತ್ತುವ ಹೈ ರೋಲರ್, ಗಾಳಿಯಲ್ಲಿ ಮುಂದಕ್ಕೆ ನುಗ್ಗುವ ಕ್ಯಾಲಿಬರ್. ಲೆಕ್ಕ ಸರಳ. ಒಂದು ಮ್ಯಾಕ್ಸ್-ಆಕ್ಟ್ ಮೂರೂ ಗೇಜ್ ತುಂಬುತ್ತದೆ, ಒಂದು ಉರಿಯೇಟು ಒಂದು ಗೇಜ್ ತಿನ್ನುತ್ತದೆ. ಅಂದರೆ ಮೂರು ಏಟಿಗೊಂದು ಸರಿಯಾಗಿ ಬಿದ್ದರೂ ಉರಿ ಆರೋದಿಲ್ಲ. ನಡುವೆ ಎಕ್ಸ್-ಆಕ್ಟ್ ಬಿದ್ದರೆ ಲಾಭ. ಕಾಂಬೋ ಏಟಿನಿಂದ ಹೊತ್ತಿಸಿ, ಹೈ ರೋಲರ್‌ನಿಂದ ಎತ್ತಿ, ಜೊತೆಗೇ ಮೇಲೆ ಹೋಗಿ, ಗಾಳಿಯಲ್ಲಿ ಎರಡೇಟು, ಶತ್ರುವಿನ ಮೇಲೆ ಕಾಲಿಟ್ಟು ಜಂಪ್ ಕ್ಯಾನ್ಸಲ್ (ನಡೆಯುತ್ತಿದ್ದ ಮೂವನ್ನು ಜಂಪ್‌ನಿಂದ ಮುರಿಯೋದು), ಮತ್ತೆ ಕ್ಯಾಲಿಬರ್. ಕ್ಯಾಲಿಬರ್‌ನಲ್ಲಿ ಬಿದ್ದ ಮ್ಯಾಕ್ಸ್-ಆಕ್ಟ್‌ನಷ್ಟು ಖುಷಿ ಇಡೀ ಆಟದಲ್ಲಿ ಬೇರೆಲ್ಲೂ ಇಲ್ಲ. ಅದೇ ಮೂವನ್ನು ತಿರುಗಿ ತಿರುಗಿ ಹೊಡೆದರೆ ಸ್ಟೈಲ್ ಅಂಕ ಇಳಿಯುತ್ತದೆ, ಹಾಗಾಗಿ ನಡುವೆ ಚಾರ್ಜ್ ಮಾಡಿಟ್ಟ ಬ್ಲೂ ರೋಸ್ ಗುಂಡು ಬಿಡಿ. ಜಂಪ್ ಕ್ಯಾನ್ಸಲ್ ಮಾಡೋ ಹೊತ್ತಿಗೇ ಬಂಪರ್ ಒತ್ತೋಕೆ ನನ್ನದೊಂದು ಬೆರಳಿನ ಉಪಾಯ ಇದೆ. ಅದನ್ನು ಇಲ್ಲಿ ಬರೆಯೋದಿಲ್ಲ, ಇನ್ನೂ ಪೂರ್ತಿ ಪಳಗಿಲ್ಲ.

ಇದೇ ಕಿವಿ ಉಪಾಯವನ್ನು, ಶತ್ರುವಿನ ಏಟನ್ನು ಸರಿಯಾದ ಕ್ಷಣಕ್ಕೆ ತಡೆಯುವ ಡಾಂಟೆಯ ರಾಯಲ್ ಗಾರ್ಡ್‌ಗೂ ಹಾಕಿ ನೋಡಿದೆ. ಆಗಲಿಲ್ಲ. ಅಲ್ಲಿ ಟೈಮಿಂಗ್ ಶತ್ರುವಿನ ಕೈಯಲ್ಲಿ. ಫ್ಯೂರಿಯಂಥ ಶತ್ರು ಮಾಯವಾಗಿ ಎದುರಿಗೆ ಬಂದು ಹೊಡೆಯೋವಾಗ ಕಣ್ಣೇ ಬೇಕು. ಇನ್ನೊಂದು ಪಾತ್ರ ವರ್ಜಿಲ್‌ಗೆ ಮಾತ್ರ ಚೆನ್ನಾಗಿ ಹೊಂದಿತು. ಜಡ್ಜ್‌ಮೆಂಟ್ ಕಟ್‌ನಲ್ಲಿ ಬಟನ್ ಬಿಡುವ ಕ್ಷಣ ನಮ್ಮದೇ ಮೂವ್‌ನೊಳಗೆ ಇದೆ, ಹಾಗಾಗಿ ಒಂದು ವಾರದಲ್ಲೇ ಕೂತಿತು. ಟೈಮಿಂಗ್ ನಮ್ಮ ಪಾತ್ರದ ಮೈಯಲ್ಲಿದ್ದರೆ ಈ ದಾರಿ ನಡೆಯುತ್ತದೆ, ಎದುರಾಳಿಯ ಮೈಯಲ್ಲಿದ್ದರೆ ಇಲ್ಲ.

ಆಟದೊಳಗಿನ ದುಡ್ಡಾದ ರೆಡ್ ಆರ್ಬ್ ಲೆಕ್ಕಕ್ಕೆ ಬರೋಣ, ಇದರಲ್ಲೂ ಬಹಳ ಜನ ಸುಮ್ನೆ ಕಳೆದುಕೊಳ್ಳುತ್ತಾರೆ. ಎಕ್ಸ್ ಪ್ರೊವೊಕೇಶನ್ ಅನ್ನೋ ಟಾಂಟ್ (ಶತ್ರುವನ್ನು ಕೆಣಕೋ ಚೇಷ್ಟೆ) ಒಂದಕ್ಕೇ 30 ಲಕ್ಷ ಆರ್ಬ್. ಟಾಂಟ್ ಮೇಲೆ ಆಸೆ ಎಲ್ಲರಿಗೂ ಇದೆ, ಆದರೆ ಅದನ್ನು ಕೊನೆಗಿಡಿ. ಮೊದಲು ಎಕ್ಸೀಡ್ ಹಂತಗಳು, ಆಮೇಲೆ ಬ್ರೇಕರ್ (ನೀರೋ ತೊಡುವ ಯಾಂತ್ರಿಕ ಕೈ) ಇಟ್ಟುಕೊಳ್ಳುವ ಜಾಗ, ಎಂಟಕ್ಕೆ ಎಂಟೂ. ಆರ್ಬ್ ಕೂಡಿಸೋಕೆ ನಾನು ಡಾಂಟೆಯ ಡಾಕ್ಟರ್ ಫೌಸ್ಟ್ ಟೋಪಿ ಬಳಸಿದೆ. ಟೋಪಿಯನ್ನು ಶತ್ರುವಿನ ತಲೆಗೆ ಹಾಕಿ ಹೊಡೆದರೆ ಆರ್ಬ್ ಉದುರುತ್ತದೆ. ನಮ್ಮ ತಲೆ ಮೇಲಿದ್ದಾಗ ಏಟು ಬಿದ್ದರೆ ನಮ್ಮದೇ ಉದುರುತ್ತದೆ, ಟೋಪಿಯ ದೊಡ್ಡ ಏಟುಗಳೂ ಆರ್ಬ್ ತಿನ್ನುತ್ತವೆ. ಹಾಗಾಗಿ ದೊಡ್ಡ ಏಟಿಗೆ ಹೋಗದೆ, ಟೋಪಿ ಹಾಕಿಸಿ ಹೊಡೆಯೋದೊಂದೇ ಮಾಡಿದೆ. ಯಾವ ಮಿಷನ್, ಯಾವ ಜಾಗ ಅನ್ನೋದು ನನ್ನ ಹತ್ತಿರವೇ ಇರಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ನಾನು ಹಳೇ ಗನ್ ಬಟನ್‌ಗೆ ಬ್ರೇಕ್ ಅವೇ ಹಾಕಿದ್ದೇನೆ. ನೀವೂ ಹಾಗೇ ಮಾಡಿದರೆ ಮೊದಲ ಕೆಲವು ದಿನ ಗುಂಡು ಹೊಡೆಯೋಕೆ ಹೋಗಿ ತೊಟ್ಟ ಬ್ರೇಕರನ್ನೇ ಸ್ಫೋಟಿಸುತ್ತೀರಿ, ಬೆರಳು ಹಳೇ ದಾರಿಗೇ ಹೋಗುತ್ತದೆ. ಅಭ್ಯಾಸವಾಗೋವರೆಗೆ ಆಟದ ಅಂಗಡಿಯಾದ ನಿಕೋ ವ್ಯಾನಿನಲ್ಲಿ ದುಬಾರಿ ಬ್ರೇಕರ್ ತಗೋಬೇಡಿ. ಎಲ್ಲ ಜಾಗಕ್ಕೂ ಓವರ್ಚರ್‌ನಂಥ ಅಗ್ಗದ್ದನ್ನೇ ತುಂಬಿಸಿಕೊಂಡು ಹೋಗಿ.