ಸೂಪಿಗಿಂತ ಮೊದಲು ಫ್ಲಾಸ್ಕಿಗೆ ಕುದಿಯೋ ನೀರು

ಇಂಗ್ಲೆಂಡಿನಲ್ಲಿರುವವರು ಈ ಚಳಿಯಲ್ಲಿ ಮನೆಮಂದಿಯೆಲ್ಲ ಕಡಲ ದಂಡೆಗೆ ನಡೆಯೋಕೆ ಹೊರಟರೆ, ಸೂಪು ತುಂಬುವ ಮೊದಲು ಸ್ಟೀಲ್ ಫ್ಲಾಸ್ಕಿಗೆ ಕುದಿಯುವ ನೀರು ಹಾಕಿ, ಮುಚ್ಚಿ, ಹತ್ತು ನಿಮಿಷ ಬಿಡಿ. ಆ ನೀರು ಚೆಲ್ಲಿದ ತಕ್ಷಣ ಕೊತಕೊತ ಕುದಿಯುವ ಸೂಪನ್ನು ಕಂಠದವರೆಗೂ ತುಂಬಿ. ತಣ್ಣಗಿರುವ ಸ್ಟೀಲ್ ಮೊದಲು ಸೂಪಿನ ಬಿಸಿಯನ್ನೇ ಹೀರಿಕೊಳ್ಳುತ್ತದೆ. ಅರ್ಧ ಫ್ಲಾಸ್ಕ್ ಸೂಪಂತೂ ತುಂಬಿದ ಫ್ಲಾಸ್ಕಿಗಿಂತ ಬೇಗ ಆರುತ್ತದೆ. ಇಂಗ್ಲೆಂಡಿನ ದಕ್ಷಿಣ ಕಡಲ ದಂಡೆಯ ಸೆವೆನ್ ಸಿಸ್ಟರ್ಸ್ ಅನ್ನೋ ಬಿಳಿ ಸುಣ್ಣದ ಬಂಡೆಗಳ ಮೇಲೆ ಡಿಸೆಂಬರಿನಲ್ಲಿ ಎಂಥಾ ಗಾಳಿ ಅಂತ ನಡೆದವರಿಗೆ ಗೊತ್ತು. ಗ್ಲೌಸ್ ತೆಗೆದು ಚಮಚ ಹಿಡಿಯೋಕೆ ಮಕ್ಕಳು ಒಪ್ಪಲ್ಲ. ಅದಕ್ಕೇ ಸಿಹಿಗುಂಬಳ, ತೊಗರಿಬೇಳೆ, ಶುಂಠಿ, ಮೆಣಸು ಬೇಯಿಸಿ, ಸ್ವಲ್ಪ ಆರಿಸಿ ನುಣ್ಣಗೆ ರುಬ್ಬಿ, ಮತ್ತೆ ಕುದಿಸಿ. ತೆಳ್ಳಗಿದ್ದರೆ ಮುಚ್ಚಳದಲ್ಲೇ ಗುಟುಕರಿಸಬಹುದು. ತುಪ್ಪದಲ್ಲಿ ಬಾಡಿಸಿದ ಬೆಳ್ಳುಳ್ಳಿಯನ್ನೂ ಜೊತೆಗೇ ರುಬ್ಬಿ, ಆ ಪರಿಮಳಕ್ಕೆ ಸಾಟಿಯೇ ಇಲ್ಲ! ಆದರೆ ಅನ್ನ, ಶಾವಿಗೆ ಹಾಕಿದರೆ ಈ ಉಪಾಯ ಕೆಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಊದಿಕೊಂಡು ಮುದ್ದೆಯಾಗಿ ಸುರಿಯೋಕೇ ಬರಲ್ಲ. ಮುಚ್ಚಳದ ರಬ್ಬರ್ ಸಡಿಲವಾಗಿದ್ದರೂ, ದಾರಿಯುದ್ದಕ್ಕೂ ಸುಮ್ನೆ ತೆಗೆದು ನೋಡ್ತಾ ಇದ್ದರೂ ಬಿಸಿ ನಿಲ್ಲಲ್ಲ. ಕ್ರೀಮ್ ಹಾಕಿದ್ದನ್ನು ಬೇಡವೇ ಬೇಡ ಅಂತೀನಿ. ಅಲ್ಲಿ ಹೋಟೆಲಿನವರು ಬಿಸಿ ಊಟವನ್ನು 63 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಬಿಸಿಯಲ್ಲಿ ಇಡಬೇಕು. ನಾವೂ ಅಷ್ಟೇ, ಉಗುರುಬೆಚ್ಚಗಾಗಿ ಉಳಿದದ್ದನ್ನು ರಾತ್ರಿಗೆ ಅಂತ ಎತ್ತಿಡಬಾರದು. ಚಿಕ್ಕವರಿಗೆ ಬಗ್ಗಿಸಿದ ಮೇಲೆ ಎರಡು ನಿಮಿಷ ಗಾಳಿಗೆ ಹಿಡಿದು ಕೊಡಿ, ನಾಲಿಗೆ ಸುಡುವಷ್ಟು ಬಿಸಿ ಇರುತ್ತದೆ.