ಕ್ಯಾಟ್ ಜಾಮ್ ಆಗಿದೆಯೋ ಇಲ್ಲವೋ: ಗೇಜ್ ಹಾಕಿ ನೋಡಿದ ಅನುಭವ

'ಗಾಡಿಗೆ ಪಿಕಪ್ ಇಲ್ರಿ' ಎಂಬ ದೂರಿಗೆ ಹತ್ತು ಕಾರಣ ಇರುತ್ತವೆ. ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಹೊಗೆ ಶುದ್ಧ ಮಾಡುವ, ಗ್ಯಾರೇಜಿನವರು ಕ್ಯಾಟ್ ಎನ್ನುವ ಡಬ್ಬಿ, ಜಾಮ್ ಆಗಿರಬಹುದು ಅನ್ನೋದು ಮಾತ್ರ ಎಲ್ಲರಿಗೂ ಕೊನೆಗೇ ನೆನಪಾಗುತ್ತದೆ. ಅದರ ಬೆಲೆ ಜಾಸ್ತಿ, ಬಿಚ್ಚುವುದು ತ್ರಾಸು. ಹೀಗಾಗಿ ಮೊದಲು ಏರ್ ಫಿಲ್ಟರ್, ಆಮೇಲೆ ಪ್ಲಗ್, ಆಮೇಲೆ ಪೆಟ್ರೋಲ್ ಪಂಪ್ ಬದಲಾಗುತ್ತವೆ. ಕಮಲಾಪುರ ಕಡೆಯ ಮಾಸ್ತರರೊಬ್ಬರ ಬಿಎಸ್-4 (ಭಾರತದ ಹೊಗೆ ಮಿತಿಯ ನಾಲ್ಕನೇ ಹಂತದ) ಹ್ಯಾಚ್‌ಬ್ಯಾಕ್ ಕಲಬುರಗಿಯ ನನ್ನ ಶೆಡ್ಡಿಗೆ ಬಂದದ್ದು ಬೇರೆ ಕಡೆ ಇಷ್ಟೂ ಆದ ಮೇಲೆ.

"ಉಸ್ತಾದ್, ಸೀದಾ ರೋಡಿಗೆ ಚಲೋ ಹೋಗ್ತದ. ಏರು ಬಂತಂದ್ರ ಎಳೀವಲ್ದು. ಎಕ್ಸಲೇಟರ್ ಪೂರಾ ತುಳದ್ರೂ ಅಷ್ಟೇ."

"ತುಳದಾಗ ಎಂಜಿನ್ ಸಪ್ಪಳರ ಏರ್ತದೇನ್ರಿ ಸರ?"

"ಇಲ್ಲ. ಅದೂ ಅಲ್ಲೇ ನಿಂದರ್ತದ."

ಇದೊಂದು ಪ್ರಶ್ನೆಗೆ ಅರ್ಧ ಕೆಲಸ ಮುಗಿಯಿತು. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಇಲ್ಲಿ ಎಂಜಿನ್ನೇ ಏರುತ್ತಿಲ್ಲ. ಹಾಗಿದ್ದರೆ ಒಂದೋ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಗಾಳಿ ಒಳಗೆ ಬರುತ್ತಿಲ್ಲ, ಅದೂ ಅಲ್ಲದಿದ್ದರೆ ಸುಟ್ಟ ಹೊಗೆ ಹೊರಗೆ ಹೋಗುತ್ತಿಲ್ಲ.

ಸ್ಕ್ಯಾನರ್ ಹಾಕಿದೆ. ಪಿ0303 ಇತ್ತು, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕ್ಯಾಟಿನ ಬಗ್ಗೆ ಒಂದು ಕೋಡೂ ಇಲ್ಲ. ಬಹಳ ಜನ ಪಿ0420 ಬರಲಿ ಅಂತ ಕಾಯುತ್ತಾರೆ. ಆ ಕೋಡ್ ಹೇಳುವುದು ಕ್ಯಾಟ್ ಹೊಗೆಯನ್ನು ಸರಿಯಾಗಿ ಶುದ್ಧ ಮಾಡುತ್ತಿಲ್ಲ ಎಂದಷ್ಟೇ, ದಾರಿ ಮುಚ್ಚಿದೆ ಎಂದಲ್ಲ. ಪೂರಾ ಜಾಮ್ ಆದ ಕ್ಯಾಟ್ ಯಾವ ಕೋಡೂ ಕೊಡದೆ ಕೂತಿರಬಹುದು, ತೆರೆದೇ ಇರುವ ಹಳೇ ಕ್ಯಾಟ್ ಪಿ0420 ಕೊಡಬಹುದು. ಲೈವ್ ಡೇಟಾದಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನೋ ಲೆಕ್ಕ, ನೋಡಿದೆ. ಪೆಟ್ರೋಲ್ ಕೊರತೆ ಇದ್ದರೆ ಅದು ಪ್ಲಸ್ ಕಡೆ ಓಡಬೇಕು. ಇಲ್ಲಿ ಮೈನಸ್ ಕಡೆಗೇ ವಾಲಿತ್ತು. ಹೊಸ ಪಂಪಿಗೆ ಕೊಟ್ಟ ದುಡ್ಡು ದಂಡ ಅಂತ ಮಾಸ್ತರರಿಗೆ ಆಗಲೇ ಹೇಳಲಿಲ್ಲ.

ಆಮೇಲೆ ಎಂಜಿನ್ ಗಾಳಿ ಎಳೆಯುವ ಜೋರು ಅಳೆಯುವ ವ್ಯಾಕ್ಯೂಮ್ ಗೇಜ್. ಎಂಜಿನ್ನಿಗೆ ಗಾಳಿ ಹೋಗುವ ಇಂಟೇಕ್ ಮ್ಯಾನಿಫೋಲ್ಡಿನ ಒಂದು ಪೈಪ್ ಬಿಚ್ಚಿ, ನಡುವೆ ಮೂರು ಬಾಯಿಯ ಟೀ ಹಾಕಿ ಜೋಡಿಸಿದರಾಯಿತು. ಐಡ್ಲಿಂಗಿನಲ್ಲಿ ಪಾದರಸದ ಲೆಕ್ಕದಲ್ಲಿ 17ರಿಂದ 21 ಇಂಚು ಇರಬೇಕು ಅಂತ ಪುಸ್ತಕ ಹೇಳುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ಒಂದೂವರೆ ಇಂಚು ಕಡಿಮೆ ಹಿಡಿಯಬೇಕು. ಈ ಗಾಡಿ ಐಡ್ಲಿಂಗಿನಲ್ಲಿ ಸರಿಯಾಗಿಯೇ ತೋರಿಸಿತು. 2500 ಆರ್‌ಪಿಎಮ್‌ಗೆ ರೇಸ್ ಕೊಟ್ಟು ಹಿಡಿಯಲು ಹುಡುಗನಿಗೆ ಹೇಳಿದೆ. ಮುಳ್ಳು ಮೊದಲು ಏರಿ ನಿಲ್ಲಬೇಕಿತ್ತು. ಅದು ನಿಧಾನಕ್ಕೆ ಕೆಳಗಿಳಿಯುತ್ತ ಹೋಯಿತು. ಹೊಗೆ ಹೋಗಲು ದಾರಿ ಇಲ್ಲದೆ ಸಿಲಿಂಡರಿನಲ್ಲೇ ಉಳಿಯುತ್ತಿದೆ ಅನ್ನೋದಕ್ಕೆ ಇದು ಗುರುತು.

ಗುರುತು ಸಿಕ್ಕಿತು ಅಂತ ಅಷ್ಟು ದುಬಾರಿ ಸಾಮಾನು ತರಿಸಲಾಗದು, ಒತ್ತಡ ಅಳೆಯಲೇಬೇಕು. ಕ್ಯಾಟಿನ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಅದರ ತೂತಿಗೆ ಪ್ರೆಷರ್ ಗೇಜ್ ಹಾಕುವುದು ನನ್ನ ಪದ್ಧತಿ. ಕೆಟ್ಟ ಸೆನ್ಸರೊಂದರ ಒಳಗಿನದೆಲ್ಲ ತೆಗೆದು, ಕಪನೂರಿನ ಲೇಥ್ ಅಂಗಡಿಯಲ್ಲಿ ಅದಕ್ಕೆ ಮೊಳದುದ್ದ ಉಕ್ಕಿನ ಕೊಳವೆ ಬೆಸೆಸಿಕೊಂಡಿದ್ದೇನೆ. ರಬ್ಬರ್ ಪೈಪನ್ನು ನೇರ ಅಲ್ಲಿಗೇ ಹಾಕಿದರೆ ಕರಗಿ ಹೋಗುತ್ತದೆ. ಗೇಜ್ 0ರಿಂದ 15 ಪಿಎಸ್‌ಐದು ಸಾಕು, ಟೈರಿನ ಗೇಜಿನಲ್ಲಿ ಇಷ್ಟು ಸಣ್ಣ ಅಂತರ ಕಾಣುವುದಿಲ್ಲ. ಎಂಜಿನ್ ಪೂರಾ ತಣ್ಣಗಿದ್ದರೆ ಸೆನ್ಸರ್ ಕಚ್ಚಿ ಕೂತಿರುತ್ತದೆ. ತುಸು ಬೆಚ್ಚಗಿರುವಾಗ, ಕೈಗವಸು ಹಾಕಿ, ಸೀಳು ಇರುವ 22ರ ಸಾಕೆಟ್ಟಿನಿಂದ ಬಿಚ್ಚಬೇಕು. ಜೋರು ಮಾಡಿ ಥ್ರೆಡ್ ಕಿತ್ತರೆ ಬೇರೆಯೇ ಖರ್ಚು.

ಐಡ್ಲಿಂಗಿನಲ್ಲಿ ಗೇಜ್ ಎರಡರ ಮೇಲಿತ್ತು. ಒಳ್ಳೇ ಗಾಡಿಯಲ್ಲಿ ಒಂದರ ಆಸುಪಾಸು ಇರುತ್ತದೆ. 2500ರಲ್ಲಿ 3 ಪಿಎಸ್‌ಐ ದಾಟಬಾರದು, ಇದು ದಾಟಿ ಮೇಲೇರಿ 8ರ ಹತ್ತಿರ ಹೋಗಿ ನಿಂತಿತು. ಇಷ್ಟಾದರೂ ಕ್ಯಾಟೇ ತಪ್ಪಿತಸ್ಥ ಅನ್ನುವಂತಿಲ್ಲ, ಹಿಂದಿನ ಸೈಲೆನ್ಸರ್ ಮುಚ್ಚಿದ್ದರೂ ಮುಂದೆ ಇದೇ ಒತ್ತಡ ಬರುತ್ತದೆ. ಎರೆಮಣ್ಣಿನ ಹೊಲದಲ್ಲಿ ರಿವರ್ಸ್ ತೆಗೆದು, ಸೈಲೆನ್ಸರ್ ಪೈಪಿನ ತುಂಬ ಮಣ್ಣು ಗಿಡಿದುಕೊಂಡು ಬಂದ ಗಾಡಿಗಳನ್ನೂ ನೋಡಿದ್ದೇನೆ. ಅದಕ್ಕೇ ಮುಂದಿನ ಸೆನ್ಸರ್ ವಾಪಸ್ ಹಾಕಿ, ಕ್ಯಾಟಿನ ಹಿಂದಿನ ಸೆನ್ಸರ್ ತೂತಿಗೆ ಅದೇ ಗೇಜ್ ಹಾಕಿದೆ. ಅದೇ 2500ರಲ್ಲಿ ಮುಳ್ಳು ಒಂದನ್ನೂ ಮುಟ್ಟಲಿಲ್ಲ. ಮುಂದೆ ಎಂಟು, ಹಿಂದೆ ಒಂದಕ್ಕೂ ಕಡಿಮೆ. ನಡುವೆ ಇರುವುದು ಕ್ಯಾಟ್ ಒಂದೇ.

ಕೆಲವರು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಮುಂದೆ ಎಷ್ಟು ಬಿಸಿ, ಹಿಂದೆ ಎಷ್ಟು ಬಿಸಿ ಅಂತ ನೋಡಿ ತೀರ್ಪು ಕೊಡುತ್ತಾರೆ. ಕ್ಯಾಟ್ ಕೆಲಸ ಮಾಡುತ್ತಿದೆಯೇ ಅನ್ನೋದಕ್ಕೆ ಅದರಿಂದ ಸುಳಿವು ಸಿಗಬಹುದು, ಜಾಮ್ ಹಿಡಿಯಲು ನಾನು ಅದನ್ನು ನಂಬುವುದಿಲ್ಲ.

ತಣ್ಣಗಾದ ಮೇಲೆ ಮುಂದಿನ ತೂತಿನಿಂದ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ಮಾಸ್ತರರಿಗೂ ತೋರಿಸಿದೆ. ಒಳಗೆ ಪಿಂಗಾಣಿಯ ಇಟ್ಟಿಗೆ ಇರುತ್ತದೆ, ಚದರ ಇಂಚಿಗೆ ಸಾಮಾನ್ಯವಾಗಿ 400 ಸಣ್ಣ ಚೌಕ ತೂತು, ಅವುಗಳ ಗೋಡೆಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪ. ಈ ಗಾಡಿಯಲ್ಲಿ ಆ ತೂತುಗಳ ಮುಖ ಬೆಲ್ಲದ ಪಾಕ ಸುರಿದು ಆರಿಸಿದಂತೆ ಕರಗಿ ಮುಚ್ಚಿತ್ತು.

ಅದನ್ನು ಕರಗಿಸಿದ್ದು ಮೂರನೇ ಸಿಲಿಂಡರಿನ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್. ಮೈಮೇಲೆ ಕೂದಲೆಳೆಯ ಬಿರುಕು, ಕಿಡಿ ಪ್ಲಗ್ಗಿಗೆ ಹೋಗದೆ ಪಕ್ಕದ ಲೋಹಕ್ಕೆ ಹಾರುತ್ತಿತ್ತು. ಸುಡದ ಪೆಟ್ರೋಲ್ ಗಾಳಿಯ ಜೊತೆ ಕ್ಯಾಟಿಗೆ ಹೋಗಿ ಅಲ್ಲೇ ಉರಿದಿದೆ. ಎಂಜಿನ್ ಲೈಟ್ ಮಿಣುಕುತ್ತಿತ್ತೇನು ಅಂತ ಕೇಳಿದೆ. "ಮಿಣುಕ್ತಿತ್ತು, ಆಮ್ಯಾಲ ತಾನೇ ನಿಂತ್ತು" ಅಂದರು. ಲೈಟ್ ಸುಮ್ಮನೆ ಹತ್ತಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಬರಬಹುದು. ಮಿಣುಕಿದರೆ ಆ ಕ್ಷಣವೇ ಕ್ಯಾಟ್ ಕೆಡುತ್ತಿದೆ ಅಂತ ಗಾಡಿ ಹೇಳುತ್ತಿರುತ್ತದೆ. ಆಗ ಎಕ್ಸಲೇಟರ್ ಬಿಟ್ಟು ಗಾಡಿ ಬದಿಗೆ ಹಾಕಬೇಕು. ಸುಗ್ಗಿಯಲ್ಲಿ ರಾಶಿಗೆಂದು ಒಣಗಿದ ತೊಗರಿ ಗಿಡ ಹರವಿದ ರಸ್ತೆಗಳಲ್ಲಂತೂ ಅದರ ಮೇಲೆ ನಿಲ್ಲಿಸಬೇಡಿ, ಕಾದ ಕ್ಯಾಟಿಗೆ ಒಣ ಹೊಟ್ಟು ತಾಗಿದರೆ ಬೆಂಕಿಯೇ.

"ಒಳಗಿಂದು ಒಡದು ತೆಗದ್ ಬಿಡ್ರಿ, ಖಾಲಿ ಡಬ್ಬಿ ಇರಲಿ" ಅಂದರು ಮಾಸ್ತರರು. ಎಲ್ಲರೂ ಕೇಳುವ ಮಾತೇ. ನಾನು ಮಾಡುವುದಿಲ್ಲ. ಬಿಎಸ್-4 ಪೆಟ್ರೋಲ್ ಕಾರಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ 0.3 ಶೇಕಡಾ, ಖಾಲಿ ಡಬ್ಬಿಯಿಂದ ಅದು ದಕ್ಕುವುದು ಕಷ್ಟ. ಹಿಂದಿನ ಸೆನ್ಸರೂ ಲೈಟ್ ಹಚ್ಚಿಕೊಂಡೇ ಕೂಡುತ್ತದೆ. ಹಳೇ ಕ್ಯಾಟನ್ನು ಅವರ ಡಿಕ್ಕಿಯಲ್ಲೇ ಇಟ್ಟು ಕಳಿಸಿದೆ. ಒಳಗಿನ ಲೇಪಕ್ಕಾಗಿ ಗುಜರಿಯವರು ಅದಕ್ಕೆ ಒಳ್ಳೇ ರೊಕ್ಕ ಕೊಡುತ್ತಾರೆ, ಗ್ಯಾರೇಜಿನಲ್ಲಿ ಬಿಟ್ಟು ಹೋದರೆ ಆ ರೊಕ್ಕ ನಿಮಗೆ ಸಿಗುವುದಿಲ್ಲ.

ಮೊದಲು ಕಾಯಿಲ್, ಆಮೇಲೆ ಕ್ಯಾಟ್ ಹಾಕಿ, ಅದೇ ತೂತಿಗೆ ಗೇಜ್ ಕೊಟ್ಟು ಮತ್ತೆ ನೋಡಿದೆ. 2500ರಲ್ಲಿ ಒಂದರ ಕೆಳಗಿತ್ತು. ಎಂಜಿನ್ ಆಯಿಲ್ ಸುಡುತ್ತಿದ್ದರೂ ಹೊಸ ಕ್ಯಾಟ್ ಕೆಡುತ್ತದೆ. ಹೀಗಾಗಿ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಎಲ್ಲಿದೆ ಅಂತ ಮಾಸ್ತರರಿಗೆ ತೋರಿಸಿ, 1000 ಕಿಲೋಮೀಟರ್ ಓಡಿದ ಮೇಲೆ ಮತ್ತೆ ನೋಡಿ ಫೋನ್ ಮಾಡಲು ಹೇಳಿದೆ.